ಸಾಕು ಎಂದರೆ ಕೇಳಿಸುವಷ್ಟು ದೂರ

ದಿನವಿಡೀ ನಾವು ಮೀಟಿಂಗ್ ನಡೆಸುವ ಸಾಫ್ಟ್‌ವೇರಿಗೆ ತಂಬೂರಿಯೂ ಒಂದು ಗದ್ದಲ. ನನಗಿದು ಗೊತ್ತಾದದ್ದು 2020ರ ಮಳೆಗಾಲದಲ್ಲಿ. ಮಗಳ ಸಂಗೀತ ಪಾಠ ಆಗ ಆನ್‌ಲೈನ್ ಆಗಿತ್ತು. ಗುರುಗಳು ಧಾರವಾಡದಲ್ಲಿ, ನಾವು ಡೊಂಬಿವಲಿಯಲ್ಲಿ. ಅವರು ಅಲ್ಲಿ ತಂಬೂರಿ ಮೀಟಿದರೆ ಇಲ್ಲಿ ಒಂದೆರಡು ಸೆಕೆಂಡು ಝೇಂಕಾರ ಕೇಳಿ, ಆಮೇಲೆ ಯಾರೋ ನಲ್ಲಿ ತಿರುಗಿಸಿದ ಹಾಗೆ ನಿಂತುಬಿಡುತ್ತಿತ್ತು. "ಶ್ರುತಿ ಕೇಳಸಾಕತ್ತದೇನವಾ?" ಎಂದು ಅವರು, "ಇಲ್ರೀ ಸರ್" ಎಂದು ಇವಳು. ನಾಲ್ಕು ದಿನ ಇದೇ ನಡೆಯಿತು.

ಕಾರಣ ಹುಡುಕಿದಾಗ ಸರಳವಾಗಿತ್ತು. ಮಾತು ಸ್ಪಷ್ಟವಾಗಿ ಕೇಳಲಿ ಎಂದು ಈ ಸಾಫ್ಟ್‌ವೇರುಗಳು ಹಿನ್ನೆಲೆಯ ಸದ್ದನ್ನು ಅಳಿಸುತ್ತವೆ. ಯಾವುದು ಹಿನ್ನೆಲೆ ಎಂದು ಗುರುತಿಸಲು ಅವಕ್ಕಿರುವ ಒಂದು ಮುಖ್ಯ ಉಪಾಯವೆಂದರೆ, ಬದಲಾಗದೆ ಒಂದೇ ಸಮನೆ ಬರುತ್ತಿರುವುದು ಗದ್ದಲ, ಏರಿಳಿಯುತ್ತಿರುವುದು ಮಾತು. ಫ್ಯಾನು, ಎ.ಸಿ., ಪಕ್ಕದ ಮನೆಯ ಡ್ರಿಲ್ಲಿಂಗ್ ಮಷಿನ್ನಿನ ಗುಂಯ್‌ಗುಡಿಕೆ, ಇವೆಲ್ಲ ಆ ಲೆಕ್ಕದಲ್ಲಿ ಹೋಗುತ್ತವೆ. ಬದಲಾಗದಿರುವುದನ್ನೇ ತನ್ನ ಗುಣ ಮಾಡಿಕೊಂಡಿರುವ ತಂಬೂರಿ ಪಾಪ ಫ್ಯಾನಿನ ಸಾಲಿಗೆ ಸೇರಿತು. ಸೆಟ್ಟಿಂಗಿನಲ್ಲಿ 'ಒರಿಜಿನಲ್ ಸೌಂಡ್' ಎಂದು ಒಂದು ಆಯ್ಕೆ ಇದೆ, ಅದನ್ನು ಒತ್ತಿದ ಮೇಲೆ ಶ್ರುತಿ ಬಂತು. ಜೊತೆಗೆ ಧಾರವಾಡದ ಅವರ ಅಡಿಗೆಮನೆಯ ಕುಕ್ಕರ್ ಸೀಟಿ, ಗಿಡದ ಮೇಲಿನ ಹಕ್ಕಿ, ಬಾಗಿಲಿಗೆ ಬಂದ ಕಾಯಿಪಲ್ಯದವಳ ಕೂಗು, ಎಲ್ಲವೂ ಬಂದವು. ಮಗಳಿಗೆ ಅದೇ ಹೆಚ್ಚು ಖುಷಿ.

ಆ ಪ್ರೋಗ್ರಾಂ ಬರೆದವರನ್ನು ನಾನು ದೂರುವುದಿಲ್ಲ. ಅವರ ಜಾಗದಲ್ಲಿ ನಮ್ಮ ಟೀಮ್ ಇದ್ದರೂ ಹಾಗೇ ಬರೆಯುತ್ತಿತ್ತು. ಆದರೆ ಇದು ಸದ್ದು, ಇದು ಗದ್ದಲ ಎಂದು ಯಾರೋ ಒಬ್ಬರು ತೀರ್ಮಾನಿಸಬೇಕಾಗುತ್ತದೆಯಲ್ಲ, ಆ ಪ್ರಶ್ನೆ ಅಂದಿನಿಂದ ನನ್ನ ತಲೆಯಲ್ಲಿ ಕೂತಿದೆ. ತೀರ್ಮಾನಿಸುವವರು ಯಾರು? ಮಾಡುವವರೋ, ಕೇಳುವವರೋ?

ಆನ್‌ಲೈನ್ ಪಾಠದಲ್ಲಿ ಇನ್ನೊಂದು ಸಮಸ್ಯೆ ಕೊನೆಯವರೆಗೂ ಬಗೆಹರಿಯಲಿಲ್ಲ. ಗುರುಗಳು ಹಾಡಿ ನಿಲ್ಲಿಸಿದ ಮೇಲೆ ಇವಳು ಹಾಡಬಹುದಿತ್ತು, ಇಬ್ಬರೂ ಒಟ್ಟಿಗೆ ಹಾಡಲು ಮಾತ್ರ ಆಗುತ್ತಿರಲಿಲ್ಲ. ಒಟ್ಟಿಗೆ ನುಡಿಸುವವರ ನಡುವೆ ಸದ್ದು ತಲುಪಲು ಸುಮಾರು 30 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿದರೆ ಲಯ ಕೆಡಲು ಶುರುವಾಗುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ 30 ಮಿಲಿಸೆಕೆಂಡಿನಲ್ಲಿ ಹತ್ತು ಮೀಟರ್. ಇದು ಒಂದು ಮನೆಯ ಪಡಸಾಲೆಯ, ಒಂದು ಗುಡಿಯ ಅಂಗಳದ ಅಳತೆ. ಧಾರವಾಡದಿಂದ ಡೊಂಬಿವಲಿಗೆ ಬೆಳಕಿನ ತಂತಿಯಲ್ಲಿ ಬರಲು ಮೂರು ಮಿಲಿಸೆಕೆಂಡು ಸಾಕು, ದೂರದ ತೊಂದರೆ ಏನೂ ಅಲ್ಲ. ಆದರೆ ದನಿಯನ್ನು ಕತ್ತರಿಸಿ, ಕಟ್ಟಿ, ಕಳಿಸಿ, ಬಿಚ್ಚುವಷ್ಟರಲ್ಲಿ ನೂರೈವತ್ತು ಆಗಿರುತ್ತದೆ. ಕಿವಿಯ ಲೆಕ್ಕದಲ್ಲಿ ಗುರುಗಳು ಐವತ್ತು ಮೀಟರ್ ಆಚೆ ನಿಂತ ಹಾಗೆ. ಮೀಟಿಂಗಿಗೆ ಅದು ಧಾರಾಳ ಸಾಕು. ಕೂಡಿ ಹಾಡುವುದಕ್ಕೆ ಮಾತ್ರ ಹತ್ತು ಮೀಟರಿನೊಳಗೆ ಬಂದು ಕೂರಬೇಕು.

ಹತ್ತು ಮೀಟರಿನೊಳಗೆ ಕೂತು ಹಾಡುವವರು ಬೇಕಿದ್ದರೆ ನಮ್ಮ ಲೋಕಲ್ ರೈಲಿನಲ್ಲಿ ಸಿಗುತ್ತಾರೆ. ಭಜನಾ ಮಂಡಳಿಗಳ ಬಗ್ಗೆ ಮುಂಬಯಿಯ ಓದುಗರಿಗೆ ಹೇಳಬೇಕಾಗಿಲ್ಲ, ಊರಲ್ಲಿ ಇರುವವರಿಗಾಗಿ ಎರಡು ಮಾತು. ಕರ್ಜತ್, ಬದ್ಲಾಪುರ, ಕಲ್ಯಾಣದ ಕಡೆಯಿಂದ ಬೆಳಿಗ್ಗೆ ಹೊರಡುವ ಗಾಡಿಗಳಲ್ಲಿ, ಇಂಥ ಗಾಡಿಯ ಇಂಥ ಡಬ್ಬಿ ಎಂದು ಗೊತ್ತು ಮಾಡಿಕೊಂಡು, ಹತ್ತು ಹನ್ನೆರಡು ಮಂದಿ ತಾಳ, ಢೋಲಕಿ ಹಿಡಿದು ಆಫೀಸು ಮುಟ್ಟುವವರೆಗೆ ಅಭಂಗ ಹಾಡುತ್ತಾರೆ. ಬ್ಯಾಂಕಿನವರು, ಪೋರ್ಟ್ ಟ್ರಸ್ಟಿನವರು, ಮಂತ್ರಾಲಯದ ಗುಮಾಸ್ತರು. ಢೋಲಕಿ ಬರದ ದಿನ ಡಬ್ಬಿಯ ತಗಡಿನ ಗೋಡೆಯೇ ಢೋಲಕಿ. ನಾನು ಡೊಂಬಿವಲಿಯಲ್ಲಿ ಹತ್ತಿ ಥಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಲೈನಿನಲ್ಲಿ ಐರೋಲಿಗೆ ಹೋಗುವವನು. ನನ್ನ ಪಾಲಿಗೆ ಬರುವುದು ಇಪ್ಪತ್ತು ನಿಮಿಷದ ಭಜನೆ. ಫಾಸ್ಟ್ ಗಾಡಿಗಳು ಪಾರ್ಸಿಕ್ ಸುರಂಗದ ಮೂಲಕ ಹೋಗುತ್ತಿದ್ದ ಕಾಲದಲ್ಲಿ, 1916ರಲ್ಲಿ ಕಟ್ಟಿದ ಆ 1.3 ಕಿಲೋಮೀಟರ್ ಕತ್ತಲೆಯೊಳಗೆ ಗಾಡಿ ನುಗ್ಗಿದಾಗ ತಾಳದ ಸದ್ದು ಕಲ್ಲಿಗೆ ಬಡಿದು ದುಪ್ಪಟ್ಟಾಗಿ ಒಳಗೆ ಬರುತ್ತಿತ್ತು. ಹಾಡುವವರು ಬೇಕೆಂದೇ ಅಲ್ಲಿಗೆ ದ್ರುತ ಇಟ್ಟುಕೊಳ್ಳುತ್ತಿದ್ದರು.

ನನಗೆ ಮರಾಠಿ ಬಂದದ್ದು ಆಫೀಸಿನಿಂದಲ್ಲ, ಅಲ್ಲಿ ಇಂಗ್ಲಿಷೇ ನಡೆಯುತ್ತದೆ. ಬಂದದ್ದು ಈ ಡಬ್ಬಿಯಿಂದ. ಮೊದಲ ವರ್ಷ ಅರ್ಥ ಗೊತ್ತಿಲ್ಲದೆ ಹಿಮ್ಮೇಳದಲ್ಲಿ ದನಿ ಸೇರಿಸುತ್ತಿದ್ದೆ. ಮುಖ್ಯ ಗಾಯಕ ಕಾಕಾ ಒಂದು ದಿನ ಎಲ್ಲಿಯವನು ಎಂದು ಕೇಳಿದರು. ಗದಗ ಎಂದೆ. ತಾಳ ನಿಲ್ಲಿಸಿ, "ಮಗ ತುಮಚಾಚ್ ದೇವ್ ಆಹೇ ಹಾ, ಗಾ ನಾ ಜೋರಾತ್!" ಎಂದರು. ನಿಮ್ಮ ದೇವರೇ ಇವನು, ಗಟ್ಟಿಯಾಗಿ ಹಾಡು. ಜ್ಞಾನೇಶ್ವರರೇ ವಿಠ್ಠಲನನ್ನು ಕಾನಡಾ ಎಂದು, ಕರ್ನಾಟಕದವನೆಂದು ಕರೆದಿರುವುದು ಆ ಡಬ್ಬಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಂ.ಟೆಕ್. ಮಾಡಿ ಬಂದ ನನಗೆ ಗೊತ್ತಿರಲಿಲ್ಲ. ಗದಗ ಅಂದ ಕೂಡಲೇ ಭೀಮಸೇನ ಜೋಶಿಯವರ ಮಾತೂ ಬಂತು. 1933ರಲ್ಲಿ ಹನ್ನೊಂದು ವರ್ಷದ ಹುಡುಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟದ್ದು, ಟಿಕೆಟ್ ಇಲ್ಲದೆ ರೈಲಿನಲ್ಲಿ ಹಾಡಿ ಟಿ.ಸಿ.ಗಳನ್ನು ಒಲಿಸಿಕೊಂಡದ್ದು ಪ್ರಸಿದ್ಧ ಕಥೆ. ನಮ್ಮ ಮಂಡಳಿಯವರು ಅದನ್ನು ತಮ್ಮ ಮೂಲಪುರುಷನ ಕಥೆಯ ಹಾಗೆ ಹೇಳುತ್ತಾರೆ. ಪಾಸ್ ಇಲ್ಲದವನು ಮಾತ್ರ ನಮ್ಮಲ್ಲಿ ಯಾರೂ ಇಲ್ಲ ಎಂದು ಸೇರಿಸುತ್ತಾರೆ.

ಹೀಗೆ ಬರೆದರೆ ಎಲ್ಲವೂ ಚಂದ. ಆದರೆ ಈ ಡಬ್ಬಿಗೆ ಇನ್ನೊಂದು ಮುಖವೂ ಇದೆ. ಮಂಡಳಿ ಎಂದರೆ ಗುಂಪು, ಗುಂಪೆಂದರೆ ಕರವಸ್ತ್ರ ಹಾಕಿ ಹಿಡಿದಿಟ್ಟ ಸೀಟು. ಹೊಸಬರು ಕೂತರೆ ಎಬ್ಬಿಸುವ ಮಂಡಳಿಗಳನ್ನು ನಾನು ನೋಡಿದ್ದೇನೆ. ಸದ್ದು ಕಡಿಮೆ ಮಾಡಿ ಎಂದವನಿಗೆ ದೇವರ ನಾಮ ಬೇಡವೆನ್ನಲು ನೀನು ಯಾವ ಸೀಮೆಯವನು ಎಂದು ಹತ್ತು ಜನ ತಿರುಗಿ ಬಿದ್ದದ್ದನ್ನೂ ನೋಡಿದ್ದೇನೆ. ಅಲ್ಲಿ ಹಾಡುತ್ತಿದ್ದದ್ದು ಒಳ್ಳೆಯ ಅಭಂಗವೇ, ರಾಗದಲ್ಲೂ ಕೊರತೆ ಇರಲಿಲ್ಲ. ಆದರೂ ಆ ಕ್ಷಣಕ್ಕೆ ಅದು ಗದ್ದಲವಾಯಿತು ಎಂದೇ ನನ್ನ ಅಭಿಪ್ರಾಯ.

ನಮ್ಮ ಡಬ್ಬಿಯಲ್ಲಿ ಒಂದು ಬೆಳಿಗ್ಗೆ ಕಿಟಕಿಯ ಬಳಿ ಕೂತಿದ್ದ ಹುಡುಗನೊಬ್ಬ, ಎಂಐಡಿಸಿಯ ಯಾವುದೋ ಕಾರ್ಖಾನೆಯ ಐಡಿ ಕಾರ್ಡು ಕೊರಳಲ್ಲಿತ್ತು, ಕಣ್ಣು ಬಿಡದೆಯೇ "ಕಾಕಾ, ಆಜ್ ನಕೋ ನಾ. ನೈಟ್ ಕರೂನ್ ಆಲೋಯ್" ಎಂದ. ಇವತ್ತು ಬೇಡ, ರಾತ್ರಿ ಪಾಳಿ ಮುಗಿಸಿ ಬಂದಿದ್ದೇನೆ. ಕಾಕಾ ಮರುಮಾತಾಡದೆ ತಾಳವನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದರು. ಥಾಣೆಯವರೆಗೆ ಹಾಡು ತುಟಿಯ ಮೇಲೆಯೇ ನಡೆಯಿತು, ತಾಳ ತೊಡೆಯ ಮೇಲೆ. ಢೋಲಕಿಯವನು ಬರೀ ಬೆರಳಾಡಿಸುತ್ತ ಕೂತಿದ್ದ. ನಾನು ಕೇಳಿದ ಭಜನೆಗಳಲ್ಲಿ ಅದಕ್ಕಿಂತ ಚೆನ್ನಾದದ್ದು ನೆನಪಿಲ್ಲ.

ಎರಡೂ ಕಡೆ ಹಾಡು ಒಂದೇ, ಜೋರು ಹೆಚ್ಚು ಕಡಿಮೆ ಒಂದೇ. ಬೇರೆ ಇದ್ದದ್ದು ಏನು? ಬೇಡ ಎಂಬ ಮಾತು ಹಾಡುವವನಿಗೆ ಕೇಳಿಸಿತೋ ಇಲ್ಲವೋ ಎಂಬುದು. ಸಂಗೀತಕ್ಕೂ ಗದ್ದಲಕ್ಕೂ ಇರುವ ಗೆರೆ ಸದ್ದಿನೊಳಗೆ ಇಲ್ಲ, ಸದ್ದು ಮಾಡುವವನಿಗೂ ಕೇಳುವವನಿಗೂ ನಡುವೆ ಇದೆ ಎಂದು ನನಗೆ ಅನ್ನಿಸತೊಡಗಿದ್ದು ಅಲ್ಲಿಂದ. ಅದಕ್ಕೂ ಮುಂಚೆ ಮನೆಯಲ್ಲಿ ಒಂದು ಘಟನೆ ನಡೆದಿತ್ತು. ಅದನ್ನೂ ಹೇಳಬೇಕು.

ಅಪ್ಪನಿಗೆ ಪಾರ್ಶ್ವವಾಯು ಹೊಡೆದದ್ದು 2018ರಲ್ಲಿ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವ. ಬಲಗೈ, ಬಲಗಾಲು ಹೋದವು, ಅದರ ಜೊತೆ ಮಾತೂ ಹೋಯಿತು. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು, ಹೇಳಬೇಕೆಂದದ್ದು ಬಾಯಿಗೆ ಬರುತ್ತಿರಲಿಲ್ಲ. ಎಲ್ಲದಕ್ಕೂ "ಅದಽ, ಅದಽ" ಎಂಬ ಒಂದೇ ಪದ. ನೀರಿಗೂ ಅದೇ, ಸಿಟ್ಟಿಗೂ ಅದೇ. ಊರಿನಿಂದ ಡೊಂಬಿವಲಿಗೆ ಕರೆತಂದೆವು. ಮನೆಗೆ ಬರುತ್ತಿದ್ದ ಸ್ಪೀಚ್ ಥೆರಪಿಯ ಹುಡುಗಿಗೆ ಕನ್ನಡ ಬಾರದು. ಎರಡನೆಯ ದಿನ ಅವಳು ಅವ್ವನನ್ನು ಕೇಳಿದ್ದು ಒಂದೇ ಪ್ರಶ್ನೆ: "ಬಾಬಾ ಗಾತಾತ್ ಕಾ?" ಹಾಡ್ತಾರಾ?

ಊರಲ್ಲಿ ಶನಿವಾರದ ಭಜನೆ ಅಪ್ಪನದೇ. ಅವ್ವ ದಾಸರ ಪದ ಒಂದನ್ನು ಎತ್ತಿಕೊಂಡಳು. ಮೊದಲ ಸಾಲಿನ ಅರ್ಧಕ್ಕೆ ಅಪ್ಪ ಸೇರಿದ. ಬರೀ ದನಿಯಲ್ಲ, ಪದಗಳ ಸಮೇತ. ಪಲ್ಲವಿ, ಆಮೇಲೆ ಒಂದು ಚರಣ, ಒಂದಕ್ಷರ ತಪ್ಪಿಲ್ಲದೆ. ಹಾಡು ಮುಗಿಸಿ ಏನೋ ಹೇಳಲು ಹೋದ, ಮತ್ತೆ "ಅದಽ". ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಹೋದಳು.

ಇದು ಪವಾಡವಲ್ಲ, ವೈದ್ಯಶಾಸ್ತ್ರಕ್ಕೆ ಹಳೆಯ ಸಂಗತಿ. ಮಾತಾಡಲಾರದ ರೋಗಿಯೊಬ್ಬ ಕೀರ್ತನೆಗಳನ್ನು ಹಾಡಬಲ್ಲವನಾಗಿದ್ದನ್ನು ಸ್ವೀಡನ್ನಿನ ಓಲೊಫ್ ದಾಲಿನ್ 1745ರಲ್ಲೇ ಬರೆದಿಟ್ಟಿದ್ದಾರೆ. ಮಾತಿನ ಕೇಂದ್ರ ಬಹುತೇಕ ಜನರಲ್ಲಿ ಮೆದುಳಿನ ಎಡಭಾಗದಲ್ಲಿದೆ, ಹಾಡಿಗೆ ಎರಡೂ ಕಡೆ ಬೇರುಗಳಿವೆ. ಎಡಕ್ಕೆ ಪೆಟ್ಟು ಬಿದ್ದರೂ ಬಲದಿಂದ ಹಾಡು ದಾರಿ ಮಾಡಿಕೊಂಡು ಬರಬಹುದು. ಇದನ್ನೇ ಚಿಕಿತ್ಸೆ ಮಾಡಬಹುದೆಂದು 1973ರಲ್ಲಿ ಬೋಸ್ಟನ್ನಿನ ವೈದ್ಯರು ಒಂದು ಕ್ರಮ ರೂಪಿಸಿದರು. ಬೇಕಾದ ಮಾತನ್ನು ಎರಡು ಮೂರು ಸ್ವರಗಳಲ್ಲಿ ರಾಗವಾಗಿ ಹೇಳಿಸುವುದು, ಜೊತೆಗೆ ಎಡಗೈಯಿಂದ ಒಂದೊಂದು ಅಕ್ಷರಕ್ಕೆ ತಟ್ಟಿಸುವುದು. ಆ ಹುಡುಗಿ ತೋರಿಸಿಕೊಟ್ಟಳು, ಕನ್ನಡ ಅವ್ವ ಹಾಕಿದಳು. "ನೀರು ಬೇಕು" ಒಂದು ರಾಗ, "ಬಚ್ಚಲಕ್ಕ ಒಯ್ಯಿ" ಇನ್ನೊಂದು ರಾಗ. ಆರು ತಿಂಗಳಲ್ಲಿ ಮಾತೆಲ್ಲ ಮರಳಿ ಬಂತು ಎಂಬ ಸಿನಿಮಾ ಕಥೆ ನಮ್ಮದಲ್ಲ. ಹನ್ನೆರಡೋ ಹದಿಮೂರೋ ಬೇಡಿಕೆಗಳು ಬಂದವು. ಆದರೆ ದಾಹವಾದಾಗ ಸಿಟ್ಟಾಗದೆ ನೀರು ಕೇಳಬಲ್ಲ ಮನುಷ್ಯನಾಗಿ ಅಪ್ಪ ಇನ್ನೂ ಒಂದೂವರೆ ವರ್ಷ ಬದುಕಿದ. ಸಂಗೀತ ಜೀವನಕ್ಕೆ ಎಷ್ಟು ಮುಖ್ಯ ಎಂದು ಯಾರಾದರೂ ಸಭೆಯಲ್ಲಿ ಭಾಷಣ ಮಾಡಿದರೆ ನನಗೆ ನೆನಪಾಗುವುದು ಆ ನೀರಿನ ರಾಗ.

ರಾತ್ರಿ ಎಂಟು ಅಪ್ಪನ ಅಭ್ಯಾಸದ ಹೊತ್ತು. 2019ರ ಮೇ ತಿಂಗಳ ಒಂದು ಸಂಜೆ ನಮ್ಮ ಬಿಲ್ಡಿಂಗಿನ ಹಿಂದಿನ ಮೈದಾನದಲ್ಲಿ ಮದುವೆಯ ಹಳದಿ ಕಾರ್ಯಕ್ರಮ. ಸ್ಪೀಕರುಗಳನ್ನು ಒಂದರ ಮೇಲೊಂದು ಇಟ್ಟು ಗೋಡೆ ಕಟ್ಟಿದ್ದರು, ಪಕ್ಕದಲ್ಲಿ ಜನರೇಟರ್ ಲಾರಿ. ಶುರುವಾದ ಮೇಲೆ ಕಿಟಕಿಯ ಗಾಜು, ಅಡಿಗೆಮನೆಯ ಡಬ್ಬಗಳು, ನಮ್ಮ ಪಕ್ಕೆಲುಬು ಎಲ್ಲವೂ ಅದೇ ತಾಳಕ್ಕೆ ಅದುರಲು ಹತ್ತಿದವು. ಮೊಬೈಲಿನ ಆ್ಯಪ್ 85 ಡೆಸಿಬೆಲ್ ತೋರಿಸಿತು. ಆ್ಯಪನ್ನು ಅಷ್ಟು ನಂಬಬಾರದು, ಆದರೆ ವಾದಕ್ಕಾಗಿ ಅದನ್ನೇ ಇಟ್ಟುಕೊಳ್ಳೋಣ. ವಾಸದ ಪ್ರದೇಶಕ್ಕೆ ರಾತ್ರಿಯ ಮಿತಿ 45. ಡೆಸಿಬೆಲ್ ಕೂಡಿ ಕಳೆಯುವ ಲೆಕ್ಕವಲ್ಲ. ಹತ್ತು ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟು, ನಲವತ್ತು ಹೆಚ್ಚಾದರೆ 10,000 ಪಟ್ಟು. ಕಿವಿ ಅದನ್ನು ಕುಗ್ಗಿಸಿಕೊಂಡು ಹದಿನಾರು ಪಟ್ಟು ಎಂದು ಗ್ರಹಿಸುತ್ತದೆ. ಆ ಮಟ್ಟಿಗೆ ಕಿವಿ ನಮಗೆ ದಯೆ ತೋರಿಸಿದೆ.

ಅಪ್ಪ ಹಾಡಲು ನೋಡಿದ. ಹಿಡಿದ ಸ್ವರ ಆ ಬಡಿತದಲ್ಲಿ ಜಾರಿ ಹೋಗುತ್ತಿತ್ತು, ಸ್ವರ ಜಾರಿದರೆ ಪದವೂ ಬರುತ್ತಿರಲಿಲ್ಲ. ಕೊನೆಗೆ ಎಡಗೈ ಎತ್ತಿ ಎಡಗಿವಿ ಮುಚ್ಚಿಕೊಂಡ. ಬಲಗಿವಿ ಮುಚ್ಚಿಕೊಳ್ಳಲು ಕೈ ಇರಲಿಲ್ಲ. ಅವ್ವ ಹೋಗಿ ತನ್ನ ಅಂಗೈ ಇಟ್ಟಳು. ಹಾಗೆ ಇಬ್ಬರೂ ಹಾಸಿಗೆಯ ಮೇಲೆ ಕೂತಿದ್ದರು.

ನಾನು ಕೆಳಗಿಳಿದು ಹೋದೆ. ಡಿಜೆ ನಡೆಸುತ್ತಿದ್ದ ಹುಡುಗ ಲ್ಯಾಪ್‌ಟಾಪಿನ ಮುಂದೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದ. ಇಡೀ ಮೈದಾನದಲ್ಲಿ ಆ ಸದ್ದಿನಿಂದ ರಕ್ಷಣೆ ಇದ್ದದ್ದು ಅವನೊಬ್ಬನಿಗೆ. ನಾನು ಬಾಯಿ ಆಡಿಸಿದೆ, ಅವನು ಹಾಡಿನ ಫರ್ಮಾಯಿಶ್ ಇರಬೇಕೆಂದು ಹೆಬ್ಬೆರಳು ತೋರಿಸಿದ. ಮದುಮಗನ ಮಾಮಾ ನೋಡಿ ನನ್ನನ್ನು ಆಚೆ ಕರೆದುಕೊಂಡು ಹೋದರು. ಒಬ್ಬರ ಮಾತು ಒಬ್ಬರಿಗೆ ಕೇಳಿಸಲು ನಾವು ಗಲ್ಲಿ ದಾಟಿ ಮೆಡಿಕಲ್ ಅಂಗಡಿಯ ಹಿಂದಿನವರೆಗೆ ನಡೆಯಬೇಕಾಯಿತು. ವಿಷಯ ಹೇಳಿದೆ. ಒಳ್ಳೆಯ ಮನುಷ್ಯ, ಅವರ ಮುಖ ಬಾಡಿತು. "ಸಾಹೇಬ್, ಏಕಚ್ ದಿವಸ್ ಆಹೇ" ಎಂದರು, ಒಂದೇ ದಿನ. ಹೋಗಿ ಕಡಿಮೆ ಮಾಡಿಸಿದರು. ಇಪ್ಪತ್ತು ನಿಮಿಷಕ್ಕೆ ಮತ್ತೆ ಏರಿತು. ಪೂರ್ತಿ ನಿಂತಾಗ ಹನ್ನೊಂದೂವರೆ.

ಒಂದೇ ದಿನ ಎಂಬ ಆ ಮಾತು ಸುಳ್ಳಲ್ಲ, ಅದೇ ಕಷ್ಟ. ಅವರಿಗೆ ನಿಜವಾಗಿಯೂ ಒಂದೇ ದಿನ. ಗಣಪತಿ ಮಂಡಳಿಗೂ ಒಂದೇ ದಿನ, ದಹಿ ಹಂಡಿಗೂ ಒಂದೇ ದಿನ, ನಮ್ಮ ರಾಜ್ಯೋತ್ಸವಕ್ಕೂ ಒಂದೇ ದಿನ. ಬೀದಿಗೆ ಮಾತ್ರ ಎಲ್ಲ ದಿನಗಳೂ ಸೇರಿ ಬರುತ್ತವೆ.

ಕಾನೂನು ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. ಸರ್ಕಾರ ಬೇಕಿದ್ದರೆ ವರ್ಷಕ್ಕೆ ಹೆಚ್ಚೆಂದರೆ 15 ದಿನ ಹಬ್ಬ ಉತ್ಸವಗಳಿಗೆ ನಡುರಾತ್ರಿಯವರೆಗೆ ಸಡಿಲ ಕೊಡಬಹುದು. ಈ ಕಾಗದದ ಮಾತಿಗೆ ಜೀವ ಬಂದದ್ದರಲ್ಲಿ ನಮ್ಮ ಥಾಣೆಯ ಪಾಲು ದೊಡ್ಡದು. ಇಲ್ಲಿನ ವೈದ್ಯ ಡಾ. ಮಹೇಶ್ ಬೇಡೇಕರ್ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟು 2016ರ ಆಗಸ್ಟಿನಲ್ಲಿ ದೀರ್ಘ ತೀರ್ಪು ಕೊಟ್ಟಿತು. ಧ್ವನಿವರ್ಧಕ ಹಚ್ಚುವುದು ಯಾವ ಧರ್ಮದವರಿಗೂ ಮೂಲಭೂತ ಹಕ್ಕಲ್ಲ ಎಂಬುದು ಅದರ ತಿರುಳು. ಪೀಠದಲ್ಲಿದ್ದ ನ್ಯಾಯಮೂರ್ತಿ ಅಭಯ್ ಓಕಾ ವಕೀಲಿಕೆ ಶುರು ಮಾಡಿದ್ದು ಥಾಣೆ ಕೋರ್ಟಿನಲ್ಲಿ, ಮುಂದೆ 2019ರಿಂದ 2021ರವರೆಗೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೂ ಆದರು. ಅದಕ್ಕೂ ಮೊದಲೇ, 2005ರಲ್ಲಿ ಸುಪ್ರೀಂ ಕೋರ್ಟು ಇದೇ ದಾರಿಯಲ್ಲಿ ಯೋಚಿಸಿತ್ತು. ಮಾತಾಡಲು ನನಗೆ ಸ್ವಾತಂತ್ರ್ಯ ಇರುವಂತೆ ಕೇಳದಿರಲು ನಿಮಗೂ ಇದೆ, ಧ್ವನಿವರ್ಧಕ ಹಿಡಿದು ನಿಮ್ಮನ್ನು ನನ್ನ ಕೇಳುಗನನ್ನಾಗಿ ಬಂಧಿಸಲು ನನಗೆ ಹಕ್ಕಿಲ್ಲ. ಕಣ್ಣಿಗೆ ಬೇಡವಾದದ್ದನ್ನು ರೆಪ್ಪೆ ತಡೆಯುತ್ತದೆ, ಕಿವಿಗೆ ರೆಪ್ಪೆಯಿಲ್ಲ. ಆ ರೆಪ್ಪೆಯ ಕೆಲಸವನ್ನು ಕಾನೂನು ಮಾಡಬೇಕಾಗಿದೆ.

ಆದರೆ ಕಾನೂನು ಅಳೆಯುವುದು ಡೆಸಿಬೆಲ್ಲನ್ನು. ಅದಕ್ಕೆ ಬೇರೆ ದಾರಿಯೂ ಇಲ್ಲ. ಎಂಜಿನಿಯರ್ ಆಗಿ ನನಗೆ ಸಂಖ್ಯೆಯ ಮೇಲೆ ಗೌರವವಿದೆ, ಆದರೂ ಇಲ್ಲಿ ಸಂಖ್ಯೆ ಹಿಂದೆ ಬೀಳುತ್ತದೆ. ಕಂಪಾರ್ಟ್‌ಮೆಂಟಿನಲ್ಲಿ ತಾಳದ ಪಕ್ಕ ಅಳೆದರೆ ಬಹುಶಃ ಹಳದಿಯ ದಿನ ನಮ್ಮ ಕಿಟಕಿಯಲ್ಲಿ ಬಂದದ್ದಕ್ಕಿಂತ ಹೆಚ್ಚೇ ಬರಬಹುದು. ವ್ಯತ್ಯಾಸ ಇರುವುದು ಬೇರೆ ಕಡೆ. ಎಷ್ಟೇ ಜೋರಾಗಿ ಹಾಡಿದರೂ ಮನುಷ್ಯನ ಗಂಟಲಿನಿಂದ ಹೊರಡುವ ಸದ್ದಿನ ಶಕ್ತಿ ಒಂದು ವಾಟ್ ಕೂಡ ಆಗುವುದಿಲ್ಲ. ಅಷ್ಟಕ್ಕೇ ಎದೆ ಬೆವರುತ್ತದೆ. ಢೋಲು ಬಾರಿಸುವವನ ರಟ್ಟೆ ಸೋಲುತ್ತದೆ, ತಾಳದವನ ಬೆರಳು ಬೊಬ್ಬೆ ಬರುತ್ತದೆ. ಸದ್ದು ಮಾಡುವವನು ಅದಕ್ಕೆ ಮೈಯಿಂದ ಬೆಲೆ ತೆರುತ್ತಿದ್ದ, ತನ್ನ ಸದ್ದನ್ನು ತಾನೇ ಎಲ್ಲರಿಗಿಂತ ಹತ್ತಿರದಿಂದ ಕೇಳುತ್ತಿದ್ದ, ಮತ್ತು ನಿಮ್ಮ ದನಿ ಅವನಿಗೆ ತಲುಪುವಷ್ಟು ಹತ್ತಿರದಲ್ಲಿರುತ್ತಿದ್ದ. ಡೀಸೆಲ್ ಜನರೇಟರಿಗೆ ರಟ್ಟೆ ಇಲ್ಲ. ಹೆಡ್‌ಫೋನ್ ಹಾಕಿದ ಹುಡುಗ ಕೆಟ್ಟವನಲ್ಲ, ಅವನಿಗೆ ನಾನು ಕೇಳಿಸಲಿಲ್ಲ ಅಷ್ಟೆ. ಒಂದು ಸ್ಪೀಕರಿಗೆ ಉತ್ತರವಾಗಿ ಎದುರಿನ ಬೀದಿಯಲ್ಲಿ ಇನ್ನೊಂದು ಸ್ಪೀಕರ್ ಹಚ್ಚುವ ಕಾಲ ಇದು. ಅಲ್ಲಿ ದೇವರು ಯಾರಾದರೇನು, ಇಬ್ಬರಿಗೂ ಯಾರೂ ಕೇಳಿಸುವುದಿಲ್ಲ.

ಯಂತ್ರವೇ ಖಳನಾಯಕ ಎಂದು ಇಲ್ಲಿಗೆ ನಿಲ್ಲಿಸಿದರೆ ಅದು ಪೂರ್ತಿ ಸತ್ಯವಾಗುವುದಿಲ್ಲ. ಗದಗಿನ ಆ ಹುಡುಗನನ್ನು ಮನೆ ಬಿಡಿಸಿದ್ದು ಯಾವುದು? ಅಂಗಡಿಯೊಂದರಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ. ಯಂತ್ರ ಇಲ್ಲದಿದ್ದರೆ ಭೀಮಸೇನರೂ ಇಲ್ಲ. ಆ ಅಂಗಡಿಯ ಮುಂದೆ ಹುಡುಗ ನಿಂತ, ಬೇಡವಾದವನು ಮುಂದೆ ನಡೆದ. ತಟ್ಟೆಯ ಸದ್ದು ಅಂಗಡಿಯ ಮೆಟ್ಟಿಲು ದಾಟಿ ಬಹಳ ದೂರ ಹೋಗುತ್ತಿರಲಿಲ್ಲ. ಹಿಂದೆ ಸರಿಯಲು ಜಾಗವಿತ್ತು ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ.

ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ, ಅಂದರೆ ಕುಮಾರ ಗಂಧರ್ವ, ಮುಂಬಯಿಯಲ್ಲಿ ಬಿ. ಆರ್. ದೇವಧರರಲ್ಲಿ ಕಲಿತು ಹೆಸರು ಮಾಡಿದ ಹೊತ್ತಿಗೆ ಕ್ಷಯ ಹಿಡಿಯಿತು. ಹವೆಗಾಗಿ 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಹಾಡಬಾರದು ಎಂದರು ವೈದ್ಯರು. ಸುಮಾರು ಐದು ವರ್ಷ ಹಾಡಲಿಲ್ಲ. ಮಲಗಿದಲ್ಲೇ ಮಾಳವದ ಹೆಂಗಸರ ಹಾಡು, ಬಾಗಿಲಿಗೆ ಬರುವ ಭಿಕ್ಷುಕರ ನಿರ್ಗುಣ ಭಜನೆಗಳನ್ನು ಕೇಳಿದರು. ಎದ್ದು ಮತ್ತೆ ಹಾಡತೊಡಗಿದಾಗ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. ಆದರೆ ಆ ಐದು ವರ್ಷದ ಕೇಳುವಿಕೆಯೆಲ್ಲ ಗಾಯನಕ್ಕೆ ಇಳಿದಿತ್ತು. ದೊಡ್ಡ ಗಾಯಕನೊಬ್ಬ ತನ್ನ ದನಿ ಬಿಟ್ಟು ಬೇರೆಯವರ ದನಿಗೆ ಇಷ್ಟು ಕಾಲ ಕಿವಿಯಾದದ್ದು ನಮ್ಮ ಸಂಗೀತದ ಕಥೆಯಲ್ಲಿ ಅಪರೂಪ.

ನನ್ನ ಈ ದೂರದ ಲೆಕ್ಕವನ್ನು ಡೊಂಬಿವಲಿಯ ಕನ್ನಡ ಗೆಳೆಯರ ಮುಂದೆ ಇಟ್ಟಾಗ ಮೊದಲು ತಕರಾರು ತೆಗೆದವರು ಕರಾವಳಿಯವರು. "ಹಾಗಾದ್ರೆ ಯಕ್ಷಗಾನ ಮಾರಾಯ್ರೆ? ಚೆಂಡೆ ಎರಡು ಮೈಲಿಗೆ ಕೇಳ್ತದೆ, ಕರೆಂಟು ಬೇಡ." ಅವರ ಗಾಯ ಹಸಿಯಾಗಿತ್ತು. ಶಬ್ದ ನಿಯಮದ ಕಾರಣದಿಂದ 2022ರ ಕೊನೆಗೆ ಕಟೀಲು ಮೇಳಗಳು ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಬಂದಿದ್ದವು. ಮತ್ತೆ ಬೆಳಗಿನವರೆಗೆ ಆಟ ಶುರುವಾದದ್ದು 2024ರಲ್ಲಿ. ಹರಕೆ ಆಟ ಆಡಿಸುವವನಿಗೆ ಬೆಳಗಾಗುವುದು ಆಟದ ಒಂದು ಭಾಗ, ಅದನ್ನು ಹತ್ತೂವರೆಗೆ ಕತ್ತರಿಸಿದರೆ ಉಳಿಯುವುದು ಬೇರೆಯದೇ ವಸ್ತು. ಅದನ್ನು ನಾನು ಒಪ್ಪುತ್ತೇನೆ. ಎರಡು ಮೈಲಿ ಆಚೆ ಮಲಗಿದ ರೋಗಿಯ ಮಾತು ಬಂದಾಗ ಅವರೂ ಸುಮ್ಮನಾದರು, ನಾನೂ ಸುಮ್ಮನಾದೆ. ಆ ಗೆಳೆಯರೊಬ್ಬರು ಮಾತ್ರ ಒಂದು ವಿಷಯ ಹೇಳಿದರು. ಹಿಂದೆ ಅವರ ಊರಲ್ಲಿ ಯಾರದಾದರೂ ಮನೆಯಲ್ಲಿ ಸಾವಾದರೆ ಆಟ ಮುಂದಕ್ಕೆ ಹಾಕುತ್ತಿದ್ದರಂತೆ, ಯಾರೂ ಅರ್ಜಿ ಕೊಡಬೇಕಿರಲಿಲ್ಲ, ಸುದ್ದಿ ತಾನಾಗಿ ತಲುಪುತ್ತಿತ್ತು. ಅಲ್ಲಿ ಎರಡು ಮೈಲಿಯೂ ಕೇಳಿಸುವ ದೂರವೇ. ನಮ್ಮ ಬಿಲ್ಡಿಂಗಿನಲ್ಲಿ ಎದುರು ಬಾಗಿಲಿನವರಿಗೆ ಅಪ್ಪ ಇದ್ದದ್ದೇ ಗೊತ್ತಿರಲಿಲ್ಲ.

ಸದ್ದು ಮುಖ್ಯ ಎಂದು ಹೇಳುವಾಗ ಸದ್ದಿಲ್ಲದೆ ಬದುಕುವವರನ್ನು ಮರೆಯಬಾರದು. ಥಾಣೆ ಸ್ಟೇಷನ್ನಿನಲ್ಲಿ ಸಂಜೆ ಹೊತ್ತು ದಿವ್ಯಾಂಗ ಡಬ್ಬಿಯ ಬಳಿ ಕಿವುಡ ಹುಡುಗರ ಒಂದು ಗುಂಪು ಸೇರುತ್ತದೆ. ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ, ನಡುವೆ ಎರಡು ಹಳಿ ದಾಟಿ, ಕೈಯಲ್ಲೇ ಹರಟೆ, ಜಗಳ, ನಗು. ವಿಸರ್ಜನೆಯ ರಾತ್ರಿ ಇಡೀ ನಿಲ್ದಾಣ ಒಬ್ಬರ ಕಿವಿಗೆ ಒಬ್ಬರು ಬಾಯಿಟ್ಟು ಕೂಗುತ್ತಿರುವಾಗ ಸರಾಗವಾಗಿ ಮಾತಾಡುತ್ತಿದ್ದವರು ಅವರು ಮಾತ್ರ. ಮಾತು ಸಾಕೆನಿಸಿದಾಗ ಒಬ್ಬ ಮುಖ ತಿರುಗಿಸಿದ, ಮಾತು ನಿಂತಿತು. ಆ ಅನುಕೂಲ ನಮಗಿಲ್ಲ.

ಈಗ ನಮ್ಮ ಬೆಳಗಿನ ಡಬ್ಬಿಯಲ್ಲಿ ಹೆಚ್ಚಿನವರ ಕಿವಿಯಲ್ಲಿ ಇಯರ್‌ಫೋನು. ಬೇಡವಾದ ಸದ್ದಿಗೆ ತಿರುಗುಮುರುಗು ಅಲೆ ಹುಟ್ಟಿಸಿ ಅಳಿಸಿಹಾಕುವ ತಂತ್ರ ಸಾವಿರ ರೂಪಾಯಿಯ ಆಸುಪಾಸಿಗೂ ಬಂದಿದೆ. ಕೊನೆಗೂ ಕಿವಿಗೆ ರೆಪ್ಪೆ ಬಂತು. ಯಾರಿಗೂ ಯಾರ ತೊಂದರೆಯೂ ಇಲ್ಲ. ನಾನೂ ಮರಳಿ ಬರುವಾಗ, ದಿನದ ಏಳು ಕಾಲ್ ಮುಗಿದ ಮೇಲೆ, ಅದನ್ನೇ ಹಾಕಿಕೊಳ್ಳುತ್ತೇನೆ. ಆದರೆ ರಾತ್ರಿ ಪಾಳಿ ಮುಗಿಸಿ ಬಂದ ಹುಡುಗನ ಕಿವಿಯಲ್ಲಿ ಅಂದು ಇಯರ್‌ಫೋನ್ ಇದ್ದಿದ್ದರೆ ಅವನು ಬಾಯಿ ಬಿಡುತ್ತಿರಲಿಲ್ಲ, ಕಾಕಾ ತಾಳ ಒಳಗಿಡುತ್ತಿರಲಿಲ್ಲ.

ಮಂಡಳಿಯಲ್ಲಿ ಜನ ಕಡಿಮೆಯಾಗಿದ್ದಾರೆ. ಕೆಲವರು ರಿಟೈರ್ ಆದರು. ಕೊರೋನಾ ಕಾಲದಲ್ಲಿ ಗಾಡಿ ನಿಂತು ಮತ್ತೆ ಎಲ್ಲರಿಗೂ ತೆರೆಯುವಷ್ಟರಲ್ಲಿ ಕೆಲವರ ಆಫೀಸೇ ಬೇರೆ ಕಡೆ ಹೋಗಿತ್ತು. ಕಾಕಾ ಅವರ ದನಿಯೂ ಮೊದಲಿನಂತಿಲ್ಲ. ಕಳೆದ ಶ್ರಾವಣಕ್ಕೆ ಮೊದಲು ಕಿರಿಯರೊಬ್ಬರು ಮೈಕ್ ಸಮೇತ ಇರುವ ಸಣ್ಣ ಬ್ಲೂಟೂತ್ ಸ್ಪೀಕರ್ ತಂದರು. ಡಬ್ಬಿಯ ಆ ತುದಿಯವರಿಗೂ ಕೇಳಲಿ ಎಂದು. ಐಟಿಯವನೆಂದು ನನ್ನ ಅಭಿಪ್ರಾಯ ಕೇಳಿದರು. ಬ್ಲೂಟೂತಿನಲ್ಲಿ ದನಿ ತಡವಾಗುತ್ತದೆ, ಢೋಲಕಿಗೂ ಹಾಡಿಗೂ ಹೊಂದುವುದಿಲ್ಲ ಎಂದೆ. ವಯರ್ ಹಾಕಿದರೆ ಎಂದರು ಅವರು. ವಯರ್ ಹಾಕಿದರೆ ಹೊಂದುತ್ತದೆ, ಅದನ್ನೂ ಹೇಳಬೇಕಾಯಿತು. ಕಾಕಾ ಒಮ್ಮೆ ಮೈಕ್ ಹಿಡಿದು ಅರ್ಧ ಅಭಂಗ ಹಾಡಿ, ಇದರಲ್ಲಿ ತಮಗೆ ಪಕ್ಕದವರ ದನಿ ಕೇಳುತ್ತಿಲ್ಲ ಎಂದು ಕೆಳಗಿಟ್ಟರು. ಅವರಿಗೆ ವಯಸ್ಸಾಯಿತು ಎಂದು ಮೂವರು, ಅವರು ಹೇಳುವುದೇ ಸರಿ ಎಂದು ನಾಲ್ವರು. ಮುಂಬ್ರಾ ದಾಟುವವರೆಗೆ ಅದೇ ಚರ್ಚೆ. ಸದ್ಯಕ್ಕೆ ಸ್ಪೀಕರು ತಾಳದ ಚೀಲದಲ್ಲೇ ಇದೆ, ತಂದವರು ಅದನ್ನು ದಿನವೂ ಮನೆಯಲ್ಲಿ ಚಾರ್ಜ್ ಮಾಡಿ ತರುತ್ತಾರೆ.